ಕಣದಲ್ಲಿ ನೆನೆಯುವ ಫಸಲಿಗೆ ಲೆಕ್ಕವಿಲ್ಲವೇ? ಚಳಿಗಾಲದ ಚಂಡಮಾರುತಗಳ ಕುರಿತು ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆದ ಸನ್ಮಾನ್ಯ ಮುಖ್ಯಮಂತ್ರಿಗಳಿಗೆ ಹಾಗೂ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಸಚಿವರಿಗೆ,

ಮಾನ್ಯರೇ,

ವಿಶಾಖ ಮಳೆ ಕಳೆದ ಮೇಲೆ ನಮ್ಮ ರೈತರು ಮಳೆಯ ಲೆಕ್ಕ ಇಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಅವರಿಗೆ ಬೇಕಾದುದು ಬಿಸಿಲು. ತುಮಕೂರು, ರಾಮನಗರ, ಕೋಲಾರದ ಹೊಲಗಳಲ್ಲಿ ರಾಗಿ ಕೊಯ್ದು ಕಂತೆ ಕಟ್ಟುವುದು, ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಅರೇಬಿಕಾ ಕಾಫಿ ಕುಯ್ದು ಕಣಕ್ಕೆ ಹರಡುವುದು, ಶಿವಮೊಗ್ಗದಲ್ಲಿ ಬೇಯಿಸಿದ ಅಡಿಕೆಯನ್ನೂ ಕರಾವಳಿಯಲ್ಲಿ ಚಾಲಿ ಅಡಿಕೆಯನ್ನೂ ಒಣಗಿಸುವುದು, ಗದ್ದೆಯ ಭತ್ತ ಮನೆಗೆ ಬರುವುದು, ಇವೆಲ್ಲ ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಸುಮಾರು ನೂರು ದಿನಗಳೊಳಗೆ ಮುಗಿಯಬೇಕಾದ ಕೆಲಸಗಳು. ವರ್ಷದ ದುಡಿಮೆಯ ಫಲ ಗಿಡದಿಂದ ಇಳಿದು ಚೀಲ ಸೇರುವ ಮುನ್ನ ಆಕಾಶದ ಕೆಳಗೆ ಬಯಲಲ್ಲಿ ಬಿದ್ದಿರುವ ಕಾಲ ಇದು. ಈ ದಿನಗಳಲ್ಲಿ ಬಿಸಿಲಿರುತ್ತದೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಒಕ್ಕಣೆಯ ಪದ್ಧತಿ, ಕೂಲಿಯ ಒಪ್ಪಂದ, ಸಾಲದ ಕಂತು, ಮದುವೆಯ ದಿನಾಂಕ ಎಲ್ಲವೂ ನಿಂತಿವೆ. ಆ ನಂಬಿಕೆ ಈಗ ಸಡಿಲಗೊಳ್ಳುತ್ತಿದೆ. ಸರ್ಕಾರದ ನಿಯಮಗಳು ಮಾತ್ರ ಅದನ್ನು ಇನ್ನೂ ಗಮನಿಸಿಲ್ಲ ಎಂಬುದು ಮಲೆನಾಡಿನ ಒಬ್ಬ ಸಣ್ಣ ಬೆಳೆಗಾರನಾದ ನನ್ನ ಅಹವಾಲು.

ಕಳೆದ ಕೆಲವು ಚಳಿಗಾಲಗಳನ್ನು ನೆನಪಿಸಿಕೊಳ್ಳಿ. 2021ರ ಜನವರಿ ಮೊದಲ ವಾರದಲ್ಲಿ, ರಾಜ್ಯದ ವಾಡಿಕೆ ಮಳೆ ಕೆಲವೇ ಮಿಲಿಮೀಟರ್ ಇರುವ ತಿಂಗಳಲ್ಲಿ, ಕಾಫಿ ನಾಡಿನಲ್ಲಿ ಮುಂಗಾರಿನಂತೆ ಮಳೆ ಸುರಿದು ಹಣ್ಣು ನೆಲಕ್ಕುದುರಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಒಂದರ ಹಿಂದೊಂದು ತಮಿಳುನಾಡಿನ ಕರಾವಳಿಗೆ ಬಂದು, ದಕ್ಷಿಣ ಒಳನಾಡಿನ ರಾಗಿ ಹೊಲಗಳನ್ನು ಮಲಗಿಸಿದವು. ಯಲಹಂಕದಲ್ಲಿ ಕೆರೆ ಉಕ್ಕಿ ವಸತಿ ಸಮುಚ್ಚಯವೊಂದರ ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಮಾಂಡೂಸ್ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಬಳಿ ದಡ ಸೇರಿದಾಗ ಬೆಂಗಳೂರು ದಿನಗಟ್ಟಲೆ ಮೋಡ ಹೊದ್ದು ನಡುಗಿತು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ ಆಂಧ್ರದ ಬಾಪಟ್ಲಾ ಬಳಿ ಭೂಮಿಗೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ತೂತ್ತುಕುಡಿ ಜಿಲ್ಲೆಯ ಕಾಯಲ್ಪಟ್ಟಣದಲ್ಲಿ ಒಂದೇ ದಿನ 90 ಸೆಂಟಿಮೀಟರ್‌ಗೂ ಹೆಚ್ಚು ಮಳೆಯಾಯಿತು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕಾದಲ್ಲಿ 600ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಅದೇ ವಾರ ಚಂಡಮಾರುತಗಳು ಹುಟ್ಟುವುದೇ ಅಪರೂಪವಾದ ಮಲಕ್ಕಾ ಜಲಸಂಧಿಯಲ್ಲಿ ಸೆನ್ಯಾರ್ ಹುಟ್ಟಿ ಸುಮಾತ್ರವನ್ನು ನುಚ್ಚುನೂರು ಮಾಡಿತು.

ಇವುಗಳ ಪೈಕಿ 2024ರ ಫೆಂಗಲ್ ನಮ್ಮ ಮಟ್ಟಿಗೆ ಹೆಚ್ಚು ಪಾಠ ಹೇಳುವಂಥದ್ದು. ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ಅದು ಗಂಟೆಗಟ್ಟಲೆ ಅಲ್ಲಿಯೇ ನಿಂತುಬಿಟ್ಟಿತು. ಆಮೇಲೆ ನಿಧಾನವಾಗಿ ಪಶ್ಚಿಮಕ್ಕೆ ಸರಿಯುತ್ತ, ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿಸಿತು. ಬಿರುಗಾಳಿಯ ರೂಪ ಕಳೆದುಕೊಂಡ ಮೇಲೂ ತೇವವನ್ನು ಹೊತ್ತು ಪರ್ಯಾಯ ದ್ವೀಪವನ್ನು ದಾಟಿ, ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ಮಳೆಗಾಗಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಬಂಗಾಳ ಕೊಲ್ಲಿಯ ಚಂಡಮಾರುತ ಎಂದರೆ ತಮಿಳುನಾಡು, ಆಂಧ್ರ, ಒಡಿಶಾದ ಚಿಂತೆ ಎಂದು ನಾವು ಭಾವಿಸುತ್ತೇವೆ. ಆದರೆ 2016ರ ವರ್ದಾ, 2018ರ ಗಜ, 2024ರ ಫೆಂಗಲ್ ಈ ಮೂರೂ ಪೂರ್ವ ಕರಾವಳಿಯಲ್ಲಿ ಭೂಮಿಗೆ ಬಂದು, ಅವಶೇಷವಾಗಿ ಪಶ್ಚಿಮದ ಕಡಲಿಗೆ ದಾಟಿದವು. ಆ ದಾರಿಯ ಅಕ್ಕಪಕ್ಕದಲ್ಲೇ ನಮ್ಮ ಒಳನಾಡೂ ಮಲೆನಾಡೂ ಇವೆ.

ಇದೆಲ್ಲ ಹವಾಮಾನ ಬದಲಾವಣೆಯ ಫಲವೇ ಎಂಬ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು. ಸಭೆ ಸಮಾರಂಭಗಳಲ್ಲಿ ಈಗ ಅಂಥ ಉತ್ತರವೇ ಹೆಚ್ಚು ಕೇಳಿಬರುತ್ತಿದೆ ಎಂಬುದು ಬೇಸರದ ಸಂಗತಿ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದು ಹೊಸತಲ್ಲ. ಹಿಂಗಾರು ಮಾರುತದ ಏರಿಳಿತಕ್ಕೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ, ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮ ಭಾಗಗಳ ನಡುವಿನ ಉಷ್ಣತೆಯ ವ್ಯತ್ಯಾಸ ಮುಂತಾದ ಸಹಜ ಕಾರಣಗಳೂ ಇವೆ. 2015ರ ಡಿಸೆಂಬರ್‌ನ ಚೆನ್ನೈ ಮಹಾಪ್ರವಾಹವನ್ನು ಪರಿಶೀಲಿಸಿದ ವಿಜ್ಞಾನಿಗಳು, ಆ ಮಳೆಯಲ್ಲಿ ಭೂತಾಪಮಾನ ಏರಿಕೆಯ ಕೈವಾಡ ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದೇ ಬರೆದರು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಂಶೋಧಕರು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಸಂಖ್ಯೆ ಸುಮಾರು ಶೇ 8ರಷ್ಟು ಕಡಿಮೆಯೇ ಆಗಿದೆ. ಈ ಸಂಗತಿಗಳನ್ನು ಮುಚ್ಚಿಟ್ಟು ವಾದಿಸುವುದು ಪ್ರಾಮಾಣಿಕತೆಯಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಪುಟ ನಮ್ಮ ಕಡಲಿಗೆ ಸೇರಿದ್ದು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಹೆಚ್ಚಿದೆ. ಅವು ಬದುಕಿರುವ ಅವಧಿ ಶೇ 80ರಷ್ಟು ಉದ್ದವಾಗಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ. ಚಂಡಮಾರುತ ಬೆಳೆಯಲು ಕಡಲ ಮೇಲ್ಮೈ ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು. ನಮ್ಮ ಎರಡೂ ಬದಿಯ ಕಡಲುಗಳ ದಕ್ಷಿಣ ಭಾಗ ಈಗ ಡಿಸೆಂಬರ್‌ನಲ್ಲಿಯೂ ಆ ಮಿತಿಯ ಮೇಲೆಯೇ ಇರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ವಿವಾದವೇ ಇಲ್ಲದ ಭೌತವಿಜ್ಞಾನ. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೇಳಬಹುದಾದುದು ಇದು: ಚಳಿಗಾಲದ ಪ್ರತಿಯೊಂದು ಚಂಡಮಾರುತಕ್ಕೂ ಹವಾಮಾನ ಬದಲಾವಣೆಯೇ ಕಾರಣ ಎನ್ನಲಾಗದು, ಆದರೆ ಹಿಂದಿನಂತೆಯೇ ಏಳುವ ಚಂಡಮಾರುತ ಈಗ ಹೆಚ್ಚು ನೀರು ಹೊತ್ತು ಬರಬಲ್ಲದು, ದಡ ಸೇರಿದ ಮೇಲೂ ಹೆಚ್ಚು ಕಾಲ ಮಳೆ ಸುರಿಸಬಲ್ಲದು, ಪಶ್ಚಿಮದ ಬೆಚ್ಚನೆಯ ಕಡಲಿನಿಂದ ಮತ್ತೆ ತೇವ ಪಡೆಯಬಲ್ಲದು. 2017ರ ಓಖಿ ಶ್ರೀಲಂಕಾದ ಬಳಿ ಹುಟ್ಟಿ, ಅರಬ್ಬಿ ಸಮುದ್ರದ ಮೇಲೆ ತೀವ್ರಗೊಂಡು, ಡಿಸೆಂಬರ್ ಮೊದಲ ವಾರದಲ್ಲಿ ಗುಜರಾತ್ ಬಳಿಯವರೆಗೆ ಹೋಗಿದ್ದನ್ನೂ, ಆ ನಡುವೆ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳದೆ ಹೋದದ್ದನ್ನೂ ಕರಾವಳಿ ಇನ್ನೂ ಮರೆತಿಲ್ಲ.

ಡಿಸೆಂಬರ್‌ನಲ್ಲಿ ಮೂರು ದಿನ ಜಡಿಮಳೆ ಹಿಡಿದು ಜನ ಸ್ವೆಟರ್ ಹಾಕಿಕೊಂಡು ಓಡಾಡುವಾಗ, ಭೂಮಿ ಬಿಸಿಯಾಗುತ್ತಿದೆ ಎನ್ನುವವರನ್ನು ಗೇಲಿ ಮಾಡುವುದು ಸುಲಭ. ಮೋಡ ಬಿಸಿಲನ್ನು ತಡೆಯುವುದರಿಂದ ಹಗಲು ತಣ್ಣಗಾಗುತ್ತದೆ. ಅದೇ ಮೋಡ ನೆಲದ ಶಾಖ ಹೊರಹೋಗದಂತೆ ತಡೆಯುವುದರಿಂದ ರಾತ್ರಿ ವಾಡಿಕೆಗಿಂತ ಬೆಚ್ಚಗಿರುತ್ತದೆ. ಮಾಗಿಯ ನಿಜವಾದ ಒಣ ಚಳಿಗೂ ಈ ಚಂಡಮಾರುತದ ಥಂಡಿಗೂ ಇರುವ ವ್ಯತ್ಯಾಸ ಮಾವಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಹೂ ಬಿಡಲು ಮರಕ್ಕೆ ಬೇಕಾದುದು ಮೊದಲನೆಯದು, ಹೂವಿಗೆ ಬೂದಿ ರೋಗವನ್ನೂ ಜಿಗಿಹುಳುವನ್ನೂ ತರುವುದು ಎರಡನೆಯದು.

ಇನ್ನು ನಷ್ಟದ ವಿಷಯ. ಸರ್ಕಾರದ ಕಡತಗಳಲ್ಲಿ ಸರಿಯಾಗಿ ದಾಖಲಾಗದ ಭಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕ. ಅರೇಬಿಕಾ ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ಹಣ್ಣು ಬಿರಿದು ಉದುರುತ್ತದೆ. ಉದುರಿದ್ದನ್ನು ಕೆಸರಿನಿಂದ ಆರಿಸಲು ಕುಯ್ಲಿನ ಕೂಲಿಗಿಂತ ಹೆಚ್ಚು ಖರ್ಚು ಬೀಳುತ್ತದೆ. ಆರಿಸದೆ ಬಿಟ್ಟರೆ ಕಾಯಿಕೊರಕ ಕೀಟ ಅಲ್ಲಿಯೇ ಸಂತಾನ ಬೆಳೆಸಿ ಮುಂದಿನ ವರ್ಷದ ಫಸಲಿಗೆ ಕಾದು ಕೂರುತ್ತದೆ. ಕುಯ್ದ ಹಣ್ಣಿನ ಪಾಡು ಬೇರೆ. ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್, ಒಣಗಲು ವಾರಕ್ಕೂ ಮೇಲ್ಪಟ್ಟು ಬಿಸಿಲು ಬೇಕು, ಇಡೀ ಹಣ್ಣನ್ನೇ ಚೆರ್ರಿಯಾಗಿ ಒಣಗಿಸಲು ಎರಡು ವಾರವಾದರೂ ಬೇಕು. ನಡುವೆ ಮೋಡ ಕವಿದರೆ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತೇವೆ, ಒಳಗೆ ಕಾವು ಏರಿ ಹುಳಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ. ತೂಕದಲ್ಲಿ ಕಾಫಿ ಅಷ್ಟೇ ಇರುತ್ತದೆ, ಬೆಲೆಯಲ್ಲಿ ಇರುವುದಿಲ್ಲ. ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾದ ಕಥೆ ಇನ್ನೂ ವಿಚಿತ್ರ. ಜನವರಿಯ ಮಳೆಗೆ ಗಿಡ ಹೂಮಳೆ ಬಂತೆಂದು ಭಾವಿಸಿ ಹಣ್ಣು ಇನ್ನೂ ಕೊಂಬೆಯ ಮೇಲಿರುವಾಗಲೇ ಹೂ ಬಿಡುತ್ತದೆ. ಹಣ್ಣು ಕುಯ್ಯುವ ಕೈ ಹೂವನ್ನು ಉದುರಿಸುತ್ತದೆ. ಹೂ ಉಳಿಯಲೆಂದು ಕುಯ್ಲು ನಿಲ್ಲಿಸಿದರೆ ಹಣ್ಣು ಒಣಗಿ ನೆಲಕ್ಕೆ ಬೀಳುತ್ತದೆ. ಎರಡನೇ ಮಳೆ ಸಕಾಲಕ್ಕೆ ಬಾರದಿದ್ದರೆ ಉಳಿದ ಹೂವೂ ಕಾಯಿ ಕಚ್ಚುವುದಿಲ್ಲ. ಹೀಗೆ ಒಂದೇ ಮಳೆ ಎರಡು ವರ್ಷಗಳ ಫಸಲನ್ನು ಮುಟ್ಟುತ್ತದೆ.

ರಾಗಿಯದು ಬಡವರ ನಷ್ಟ, ಆದ್ದರಿಂದ ಸದ್ದು ಕಡಿಮೆ. ಕೊಯ್ದ ರಾಗಿ ಹೊಲದಲ್ಲಿ ಒಣಗುತ್ತಿರುವಾಗ ಎರಡು ದಿನ ಸೋನೆ ಹಿಡಿದರೆ ತೆನೆಯಲ್ಲಿಯೇ ಮೊಳಕೆ ಬರುತ್ತದೆ, ಕಾಳು ಕಪ್ಪಾಗುತ್ತದೆ, ಹುಲ್ಲು ಕೊಳೆತು ದನಗಳಿಗೂ ಆಗುವುದಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಆ ರಾಗಿ ಗುಣಮಟ್ಟದ ಪರೀಕ್ಷೆಯಲ್ಲಿಯೇ ಹಿಂದಕ್ಕೆ ಬರುತ್ತದೆ. ಕಲಬುರಗಿಯ ತೊಗರಿಗೆ ಹೂ ಕಾಯಿಯ ಹೊತ್ತಿನಲ್ಲಿ ಮೋಡ ಕವಿದರೆ ಕೀಟದ ಬಾಧೆ, ವಿಜಯಪುರದ ದ್ರಾಕ್ಷಿಗೆ ರೋಗದ ಬಾಧೆ. ಎಲ್ಲರಿಗೂ ಇದು ನಷ್ಟವೇ ಎಂದು ನಾನು ಹೇಳುತ್ತಿಲ್ಲ; ಎರೆ ಭೂಮಿಯ ಹಿಂಗಾರಿ ಜೋಳ, ಕಡಲೆಗೆ ಹದವಾದ ಒಂದು ಮಳೆ ಈ ದಿನಗಳಲ್ಲಿ ವರವೇ ಸರಿ, ಕೋಲಾರದ ಬತ್ತಿದ ಕೊಳವೆಬಾವಿಗಳಿಗೂ ಅದು ಬೇಕು. ಬೇರೆ ಬೇರೆ ಬೆಳೆಗೆ ಬೇರೆ ಬೇರೆ ಅಳತೆ ಬೇಕು ಎಂಬ ನನ್ನ ಮಾತಿಗೆ ಇದೂ ಒಂದು ಕಾರಣ.

ಈಗ ನಿಯಮಗಳನ್ನು ನೋಡೋಣ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಮಾತ್ರ ಅದು ಭಾರಿ ಮಳೆ. ಜುಲೈನ ಆಗುಂಬೆಗೂ ಡಿಸೆಂಬರ್‌ನ ಕುಣಿಗಲ್ಲಿಗೂ ಅದೇ ಅಳತೆ. ಆದರೆ ಡಿಸೆಂಬರ್‌ನಲ್ಲಿ ಕಣದ ಮೇಲೆ 15 ಮಿಲಿಮೀಟರ್ ಬಿದ್ದು, ಮುಂದಿನ ನಾಲ್ಕು ದಿನ ಸೂರ್ಯ ಕಾಣದಿದ್ದರೆ ಸಾಕು, ಫಸಲು ಕೆಡುತ್ತದೆ. ಇಲ್ಲಿ ಹಾನಿ ಮಾಡುವುದು ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಬಿಸಿಲಿಲ್ಲದ ದಿನಗಳ ಸಂಖ್ಯೆ, ಮತ್ತು ಆ ಸಂಖ್ಯೆಗೆ ನಮ್ಮ ಎಚ್ಚರಿಕೆಯ ವ್ಯವಸ್ಥೆಯಲ್ಲಾಗಲಿ ಪರಿಹಾರದ ವ್ಯವಸ್ಥೆಯಲ್ಲಾಗಲಿ ಜಾಗವೇ ಇಲ್ಲ.

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸೂಚಿಸಿರುವ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು, ಮೇಘಸ್ಫೋಟ, ಶೀತಗಾಳಿ ಎಲ್ಲವೂ ಇವೆ. ಅಕಾಲಿಕ ಮಳೆ ಇಲ್ಲ. ಪುದುಚೇರಿಯಲ್ಲಿ ಚಂಡಮಾರುತವಾಗಿದ್ದದ್ದು ಮೂಡಿಗೆರೆಗೆ ಬರುವಷ್ಟರಲ್ಲಿ ಬರೀ ಜಡಿಮಳೆಯಾಗಿರುತ್ತದೆ, ಹಾಗಾಗಿ ಅದು ಯಾವ ವಿಪತ್ತಿನ ಕೆಳಗೆ ಬರಬೇಕೆಂಬುದೇ ತಕರಾರು. 2025-26ರವರೆಗಿನ ಅವಧಿಗೆ ನಿಗದಿಯಾದ ದರಗಳ ಪ್ರಕಾರ, ಶೇ 33ಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ. ಮೊತ್ತ ಸಾಲದು ಎಂಬ ದೂರು ಹಳೆಯದು; ನನ್ನ ದೂರು ಬೇರೆ. ಈ ಲೆಕ್ಕ ಹೊಲದಲ್ಲಿ ನಿಂತ ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸಮೀಕ್ಷೆಗೆ ಬಂದ ಅಧಿಕಾರಿಗೆ ತೋಟ ಹಸಿರಾಗಿಯೇ ಕಾಣುತ್ತದೆ, ಕೆಟ್ಟಿರುವುದು ಕಣದಲ್ಲಿ. ಕೇಂದ್ರದ ಬೆಳೆ ವಿಮೆಯಾದ ಫಸಲ್ ಬಿಮಾ ಯೋಜನೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ ಎಂಬುದನ್ನು ಒಪ್ಪಬೇಕು. ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಗೆ 14 ದಿನಗಳವರೆಗೆ ಚಂಡಮಾರುತದ ಮಳೆ ಹಾಗೂ ಅಕಾಲಿಕ ಮಳೆಯಿಂದ ಆಗುವ ಹಾನಿಯನ್ನು ಅದು ಒಳಗೊಳ್ಳುತ್ತದೆ. ಆದರೆ 72 ಗಂಟೆಯೊಳಗೆ ದೂರು ದಾಖಲಿಸಬೇಕು. ರಾಗಿಯನ್ನು ಮೆದೆ ಹಾಕಿ ಸಂಕ್ರಾಂತಿಯ ಸುತ್ತ ಒಕ್ಕುವ ಪದ್ಧತಿಗೆ 14 ದಿನ ಯಾವ ಮೂಲೆಗೆ? ಕಾಫಿಯ ಕಣ, ಅಡಿಕೆಯ ಅಂಗಳ ಆ ನಿಯಮದ ಹೊರಗೇ ಉಳಿದಿವೆ.

ರಾಜ್ಯದ ಕೈಯಲ್ಲಿ ಏನೂ ಇಲ್ಲ ಎಂದು ಯಾರೂ ಹೇಳಬಾರದು. ಪರಿಹಾರ ನಿಧಿಯ ಶೇ 10ರಷ್ಟನ್ನು ಸ್ಥಳೀಯ ವಿಪತ್ತುಗಳಿಗೆ ಬಳಸುವ ಅವಕಾಶ ರಾಜ್ಯಗಳಿಗೆ ಇದೆ. 2021ರ ಡಿಸೆಂಬರ್‌ನಲ್ಲಿ, ಇದೇ ಬಗೆಯ ಮಳೆಯ ನಂತರ, ಆಗಿನ ಸರ್ಕಾರ ಮಳೆಯಾಶ್ರಿತ ಬೆಳೆಯ ಪರಿಹಾರವನ್ನು ಹೆಕ್ಟೇರಿಗೆ 6,800ರಿಂದ 13,600 ರೂಪಾಯಿಗೆ ಏರಿಸಿ ಹೆಚ್ಚುವರಿ ಹಣವನ್ನು ರಾಜ್ಯದ ಬೊಕ್ಕಸದಿಂದಲೇ ಕೊಟ್ಟ ಉದಾಹರಣೆಯೂ ಇದೆ. ಆದ್ದರಿಂದ ನವೆಂಬರ್ 15ರಿಂದ ಫೆಬ್ರುವರಿ ಕೊನೆಯವರೆಗಿನ ಅಕಾಲಿಕ ಮಳೆಯನ್ನು ರಾಜ್ಯ ಮಟ್ಟದ ವಿಪತ್ತು ಎಂದು ಅಧಿಸೂಚಿಸಬೇಕೆಂದೂ, ಕೊಯ್ಲಾದ ನಂತರ ಕಣದಲ್ಲಿ ಆದ ಹಾನಿಯನ್ನು ಅದರೊಳಗೆ ಸ್ಪಷ್ಟವಾಗಿ ಸೇರಿಸಬೇಕೆಂದೂ ಕೋರುತ್ತೇನೆ. ಇದಕ್ಕೆ ಮನೆ ಮನೆಗೆ ಹೋಗಿ ರಾಶಿ ಅಳೆಯುವ ಅಗತ್ಯವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಇವೆ, ದೇಶದ ಬಹಳಷ್ಟು ರಾಜ್ಯಗಳಿಗೆ ಇಲ್ಲದ ಸೌಲಭ್ಯ ಇದು. ಆ ಪಂಚಾಯಿತಿಯ ಮುಖ್ಯ ಬೆಳೆ ಯಾವುದು, ಅದು ಒಣಗುವ ತಿಂಗಳು ಯಾವುದು, ಎಷ್ಟು ಮಳೆ ಮತ್ತು ಬಿಸಿಲಿಲ್ಲದ ಎಷ್ಟು ದಿನ ಕಳೆದರೆ ಅದು ಕೆಡುತ್ತದೆ ಎಂಬುದನ್ನು ಮೊದಲೇ ನಿಗದಿ ಮಾಡಿಟ್ಟರೆ, ಮಾಪಕದ ಅಂಕಿಯೇ ಪರಿಹಾರದ ಬಾಗಿಲು ತೆರೆಯಬಲ್ಲದು. ಆ ಮಿತಿಗಳನ್ನು ಹೇಳಬಲ್ಲವರು ನಮ್ಮಲ್ಲೇ ಇದ್ದಾರೆ: 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವಿದೆ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳಿವೆ. ಅವರನ್ನು ಒಂದು ಮೇಜಿನ ಸುತ್ತ ಕೂರಿಸುವ ಆದೇಶವಷ್ಟೇ ಬಾಕಿ.

ಮುನ್ಸೂಚನೆಯೂ ಹಾಗೆಯೇ ಬದಲಾಗಬೇಕು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುಳಿವು ಈಗ ನಾಲ್ಕೈದು ದಿನ ಮೊದಲೇ ಸಿಗುತ್ತದೆ. ಆದರೆ ನಮ್ಮ ಫೋನಿಗೆ ಬರುವ ಸಂದೇಶ, ಕೆಲವು ಜಿಲ್ಲೆಗಳಲ್ಲಿ ಹಗುರದಿಂದ ಸಾಧಾರಣ ಮಳೆ ಎಂಬ ಒಂದು ಸಾಲು. ಅದರಿಂದ ಬೆಳೆಗಾರ ಏನು ಮಾಡಬೇಕು? ಸೋಮವಾರದಿಂದ ಗುರುವಾರದವರೆಗೆ ಬಿಸಿಲು ಸಾಲದು, ಈ ವಾರ ಕುಯ್ಲು ಮುಂದೂಡಿ, ಕೊಯ್ದ ರಾಗಿಯನ್ನು ಶನಿವಾರದೊಳಗೆ ಮೆದೆ ಹಾಕಿ ಎಂದು ಹೇಳಿದರೆ ಅದು ಮುನ್ಸೂಚನೆ. ಕೂಲಿಯಾಳುಗಳನ್ನು ಮುಂಗಡ ಕೊಟ್ಟು ಕರೆತಂದಿರುವ ತೋಟಗಳಲ್ಲಿ ಮೂರು ದಿನದ ಮುಂಚಿನ ಖಚಿತ ಮಾತು ಎಷ್ಟು ಹಣ ಉಳಿಸುತ್ತದೆ ಎಂಬುದನ್ನು ಯಾವ ಬೆಳೆಗಾರರ ಸಂಘವನ್ನು ಬೇಕಾದರೂ ಕೇಳಬಹುದು.

ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರದ ಟಾರ್ಪಾಲು ಸಿಗುತ್ತದೆ, ಅದಕ್ಕೆ ಸಾಲು ನಿಂತವರೆಲ್ಲರಿಗೂ ಸಿಗುವುದಿಲ್ಲ ಎಂಬುದು ಬೇರೆ ಮಾತು. ಟಾರ್ಪಾಲು ಮಳೆಯನ್ನು ತಡೆಯುತ್ತದೆ, ಒಣಗಿಸುವುದಿಲ್ಲ. ದೊಡ್ಡ ತೋಟಗಳು ತಮ್ಮ ಯಂತ್ರಗಳನ್ನು ತಾವೇ ತಂದುಕೊಳ್ಳುತ್ತವೆ. ಎರಡು ಮೂರು ಎಕರೆಯವರಿಗೆ ಪಾರದರ್ಶಕ ಛಾವಣಿಯ, ಗಾಳಿಯಾಡುವ ಸಾಮೂಹಿಕ ಒಣಗಿಸುವ ಮನೆಗಳನ್ನು ಸಹಕಾರ ಸಂಘಗಳ ಅಥವಾ ರೈತ ಉತ್ಪಾದಕ ಕಂಪನಿಗಳ ಅಂಗಳದಲ್ಲಿ ಕಟ್ಟಿಕೊಡುವುದು ಸರ್ಕಾರದ ಕೆಲಸ. ಸಮುದಾಯ ಭವನಗಳಿಗೆ ಸಿಗುವ ಅನುದಾನದ ಒಂದು ಪಾಲು ಇದಕ್ಕೆ ಸಿಕ್ಕರೂ ಸಾಕು.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ, ಖರ್ಚಿಲ್ಲದ್ದು. ಕಳೆದ 30 ವರ್ಷಗಳ ನವೆಂಬರ್‌ನಿಂದ ಫೆಬ್ರುವರಿವರೆಗಿನ ಮಳೆ, ಮಳೆ ಬಿದ್ದ ದಿನಗಳು ಮತ್ತು ಮೋಡ ಕವಿದ ದಿನಗಳ ವಿವರವನ್ನು ತಾಲ್ಲೂಕುವಾರು ಕನ್ನಡದಲ್ಲಿ ಪ್ರಕಟಿಸಿ. ಚಳಿಗಾಲ ನಿಜಕ್ಕೂ ಬದಲಾಗಿದೆಯೇ, ಎಲ್ಲಿ ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಎಂಬ ಚರ್ಚೆಯನ್ನು ಅಂದಾಜಿನ ಮೇಲೆ ನಡೆಸುವ ಅಗತ್ಯ ಆಗ ಇರುವುದಿಲ್ಲ. ನನ್ನ ಈ ಪತ್ರದ ಯಾವುದಾದರೂ ಮಾತು ತಪ್ಪಿದ್ದರೆ ಅದೂ ಆ ಅಂಕಿಗಳಿಂದಲೇ ತಿಳಿಯುತ್ತದೆ. ರಾಜ್ಯಗಳ ವಿಪತ್ತು ನಿಧಿಗೆ ಎಷ್ಟು ಹಣ ಎಂದು ಶಿಫಾರಸು ಮಾಡುವ 16ನೇ ಹಣಕಾಸು ಆಯೋಗದ ಅವಧಿ 2026ರ ಏಪ್ರಿಲ್‌ನಿಂದ ಆರಂಭವಾಗುವುದರಿಂದ, ಪರಿಹಾರದ ದರ ಮತ್ತು ವಿಪತ್ತುಗಳ ಪಟ್ಟಿಯ ಬಗ್ಗೆ ಕೇಂದ್ರದ ಮುಂದೆ ವಾದ ಮಂಡಿಸಲು ರಾಜ್ಯಕ್ಕೆ ಅದೇ ಅಂಕಿಗಳು ಬೇಕಾಗುತ್ತವೆ. ಅಧಿಸೂಚನೆಯೂ ಬೆಳೆವಾರು ಮಿತಿಗಳೂ ಮುಂದಿನ ರಾಗಿ ಕೊಯ್ಲಿಗೆ ಮೊದಲು, ಅಂದರೆ ಅಕ್ಟೋಬರ್ ಕೊನೆಯೊಳಗೆ, ತಹಶೀಲ್ದಾರರ ಕಚೇರಿಗಳನ್ನು ತಲುಪಿರಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಕಾಫಿ ಬೆಳೆಗಾರ